ಮೂವತ್ತೊಂದನೆಯ ನಂಬರಿನ ಫೋನು

ಅಳಿಸುವ ಗುಂಡಿಯನ್ನು ಗಂಗಾದೇವಿ ಒತ್ತಿದಾಗ ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಖಚಿತವೇ ಎಂದು ಪರದೆ ಎರಡು ಸಲ ಕೇಳಿತು. ಎರಡು ಸಲವೂ ಅವಳು ಹೌದು ಎಂದಳು.

ಕಾಂತಾ ಕರೆ ಮಾಡಿ ಐದು ನಿಮಿಷವೂ ಆಗಿರಲಿಲ್ಲ. ಖಾನಾಪುರ ಬಸ್ ನಿಲ್ದಾಣದ ಕಂಟ್ರೋಲರ್ ಸಾಹೇಬರ ಫೋನಿನಿಂದ ಮಾತಾಡಿದ್ದಳು.

"ಗಂಗಕ್ಕಾ, ನಾ ಸತ್ತೆ. ಬಸ್ಸಿನ್ಯಾಗ ಸಂಸ್ಥೆ ಫೋನ್ ಬಿಟ್ಟ ಇಳದೀನಿ. ಬಸ್ ಹೋಗೇಬಿಡ್ತು."

"ಸಾಯೂದು ಆಮ್ಯಾಲ ಸಾಯಿ. ಮೊದಲ ಅಲ್ಲೇ ಕುಂದರು. ಎಲ್ಲೂ ಹೋಗಬ್ಯಾಡ."

ಫೋನು ಕಳೆದರೆ ಒಂದು ತಾಸಿನೊಳಗೆ ಅದನ್ನು ಇಲ್ಲಿಂದಲೇ ಅಳಿಸಬೇಕು ಎಂಬುದು ಸಂಸ್ಥೆಯ ನಿಯಮ. ಒಳಗೆ ಬಡವರ ಹೆಸರು, ಹೊಲದ ಪಹಣಿ ಉತಾರ, ಮುಖ ಎಲ್ಲ ಇರುತ್ತವೆ. ಯಾರ ಕೈಗೋ ಸಿಗಬಾರದು. ಆ ಕೆಲಸ ಸುಮನ್‌ಳದು. ಮಹಾಂತೇಶ ನಗರದ ಈ ಕಚೇರಿಯಲ್ಲಿ ಕುಳಿತು ಹಳ್ಳಿಹಳ್ಳಿ ತಿರುಗಿ ಬಡವರ ಅರ್ಜಿ ತುಂಬುವ ಹೆಂಗಸರ ನಲವತ್ತು ಫೋನುಗಳನ್ನು ನೋಡಿಕೊಳ್ಳುವ ಹುಡುಗಿ. ಮೂರು ದಿನದಿಂದ ಜ್ವರ ಬಂದು ಸದಾಶಿವನಗರದ ತನ್ನ ಮನೆಯಲ್ಲಿ ಮಲಗಿದ್ದಳು. ಅವಳಿಲ್ಲದಾಗ ಗುಂಡಿ ಒತ್ತುವ ಅಧಿಕಾರ ಗಂಗಾದೇವಿಗೆ ಕೊಟ್ಟಿದ್ದರು. ಅರವತ್ಮೂರು ವರ್ಷದ ಗಂಗಾದೇವಿಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಅವಳು ರಿಜಿಸ್ಟರ್ ತೆಗೆದಳು. ಕಾಂತಾ, ಮೂವತ್ತೊಂದು. ಪರದೆಯ ಪಟ್ಟಿಯಲ್ಲಿ ಮೂವತ್ತೊಂದನ್ನು ಹುಡುಕಿದಳು, ಒತ್ತಿದಳು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಕೆಳಗೆ ಬಂದ ಸಾಲನ್ನು ಅಭ್ಯಾಸದಂತೆ ಬೆರಳಿಟ್ಟು ಓದಿದಳು.

ಆಜ್ಞೆ ಕಳುಹಿಸಲಾಗಿದೆ. ಸಾಧನಕ್ಕಾಗಿ ಕಾಯುತ್ತಿದೆ. ಕೊನೆಯ ಸಂಪರ್ಕ ಹನ್ನೊಂದು ದಿನಗಳ ಹಿಂದೆ.

ಬೆರಳು ಅಲ್ಲೇ ನಿಂತಿತು. ಕಾಂತಾ ಖಾನಾಪುರ ಪೇಟೆಯಲ್ಲಿ ಇರುವವಳು. ನಿನ್ನೆ ಸಂಜೆ ಕೂಡ ಫೋಟೋ ಕಳಿಸಿದ್ದಳು. ಹಾಗಾದರೆ ಹನ್ನೊಂದು ದಿನ ಸುಮ್ಮನಿದ್ದದ್ದು ಯಾವ ಫೋನು? ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು. ಇಂದು ಬೆಳಿಗ್ಗೆ ಖಾನಾಪುರದಲ್ಲಿ ಎದ್ದ ಫೋನು ಒಂದೇ, ಹನ್ನೆರಡನೆಯದು. ರಿಜಿಸ್ಟರಿನಲ್ಲಿ ಹನ್ನೆರಡರ ಮುಂದೆ ಅವಳದೇ ಕೈಬರಹ: ಭರಮವ್ವ.

ಭರಮವ್ವ ಹನ್ನೊಂದು ದಿನದಿಂದ ಜಾಂಬೋಟಿಯ ಆಚೆ ಕಾಡೊಳಗಿನ ಕೇರಿಗಳಲ್ಲಿದ್ದಳು. ಅಲ್ಲಿ ರೇಂಜ್ ಇಲ್ಲ.

ಗಂಗಾದೇವಿ ಎದ್ದು ನಿಂತಳು, ಕುಳಿತಳು, ಮತ್ತೆ ಎದ್ದಳು. ಮಹಾನವಮಿಯ ದಿನ ನೆನಪಾಯಿತು. ಖಂಡೇ ಪೂಜೆಗೆಂದು ನಲವತ್ತೂ ಫೋನುಗಳನ್ನು ತರಿಸಿ ಜಮಖಾನೆಯ ಮೇಲೆ ಸಾಲಾಗಿ ಇಟ್ಟಿದ್ದರು. ರೈತನಿಗೆ ಕುಡಗೋಲು, ಡ್ರೈವರನಿಗೆ ಗಾಡಿ, ಈ ಹೆಣ್ಣುಮಕ್ಕಳಿಗೆ ಫೋನು. ಪ್ರತಿಯೊಬ್ಬಳೂ ತನ್ನ ಫೋನಿಗೆ ಖಣದ ತುಂಡಿನಿಂದ ಚೀಲ ಹೊಲಿದುಕೊಂಡಿದ್ದಳು, ಒಬ್ಬಳದು ಹಸಿರು, ಒಬ್ಬಳದು ಕೆಂಪು. ಚೀಲದ ಬಣ್ಣ ನೋಡಿಯೇ ಇದು ತನ್ನದು ಎಂದು ಎತ್ತಿಕೊಳ್ಳುತ್ತಿದ್ದರು, ಬೆನ್ನ ಮೇಲಿನ ನಂಬರು ಯಾರಿಗೂ ಬೇಕಿರಲಿಲ್ಲ. ಚೀಲಗಳು ಕೊಳೆಯಾಗಿದ್ದವು. ದೇವರ ಮುಂದೆ ಹೀಗೆ ಇಡಬಾರದೆಂದು ಗಂಗಾದೇವಿ ಎಲ್ಲವನ್ನೂ ಕಳಚಿ, ತೊಳೆದು, ಗಚ್ಚಿನ ಮೇಲೆ ಒಣಹಾಕಿದ್ದಳು. ಬರಿಮೈ ಫೋನುಗಳಿಗೆ ವಿಭೂತಿ ಹಚ್ಚಿದ್ದಳು. ಸಂಜೆ ಬಸ್ಸಿನ ಅವಸರದಲ್ಲಿ ಹೆಂಗಸರು ಕೂಗುತ್ತಿದ್ದಾಗ ಕೈಗೆ ಬಂದ ಚೀಲಕ್ಕೆ ಕೈಗೆ ಬಂದ ಫೋನು ತುರುಕಿದ್ದಳು. ನಂಬರು ನೋಡಲಿಲ್ಲ. ನಂಬರು ಓದಲಿಕ್ಕೆಂದೇ ಐವತ್ನಾಲ್ಕನೆಯ ವಯಸ್ಸಿಗೆ ರಾತ್ರಿಸಾಲೆಗೆ ಹೋಗಿ ಬಂದವಳು, ಆ ಸಂಜೆ ನೋಡಲಿಲ್ಲ.

ಕಾಂತಾ ಕಳೆದದ್ದು ಹನ್ನೆರಡು. ಮೂವತ್ತೊಂದು ಭರಮವ್ವನ ಸೊಂಟದಲ್ಲಿತ್ತು.

ಸುಮನ್‌ಗೆ ಕರೆ ಮಾಡಿದಳು. ಕೇಳಿ ಮುಗಿಸುವಷ್ಟರಲ್ಲಿ ಆ ಕಡೆ ಜ್ವರದ ದನಿ ಪೂರಾ ಎಚ್ಚರವಾಗಿತ್ತು.

"ಅರೇ ದೇವಾ! ಗಂಗಕ್ಕಾ, ಭರಮವ್ವನ ಫೋನಿನ್ಯಾಗ ಎಷ್ಟ ಮನಿ ಅವ?"

"ಇಪ್ಪತ್ತೇಳು. ಕಾಡಕೋಣ ತುಳದ ಭತ್ತದ ಫೋಟೋ ಎಲ್ಲಾ ಅದರಾಗ ಅವ. ಇವತ್ತ ಐದಕ್ಕ ಅರ್ಜಿ ಮುಗೀತಾವು."

ಆ ಫೋಟೋಗಳನ್ನು ಮತ್ತೆ ತೆಗೆಯುವಂತಿರಲಿಲ್ಲ. ಫೋಟೋ ಆದ ಕೂಡಲೇ ಜನ ಉಳಿದ ಪೈರು ಕೊಯ್ದು ದನ ಬಿಟ್ಟಿರುತ್ತಾರೆ. ಜಾಗ, ದಿನಾಂಕ ಅಚ್ಚಾದ ಆ ಫೋಟೋ ಇಲ್ಲದೆ ಪರಿಹಾರದ ಅರ್ಜಿಯನ್ನು ಅರಣ್ಯ ಇಲಾಖೆಯ ಕಚೇರಿಯವರು ಮುಟ್ಟುವುದಿಲ್ಲ.

"ಆಜ್ಞಾ ಹಿಂದಕ್ಕ ತಗೋಳಾಕ ಬರೂದಿಲ್ಲೇನು?"

"ನನ್ನ ಕೈಯಾಗಿಲ್ಲ. ಸಾಫ್ಟ್‌ವೇರ್ ಕಂಪನಿಗೆ ಬರೀತೀನಿ, ಅವರ ತಗೀಬೇಕು. ಅಲ್ಲೀತನಕಾ ಆ ಫೋನ್ ರೇಂಜಿಗೆ ಬರಬಾರದು. ಬಂದ್ರ ಮೊದಲ ಆಜ್ಞಾ ಇಳೀತದ, ಆಮ್ಯಾಲ ಫೋಟೋ ಕಳಸಾಕ ಏನೂ ಉಳಿಯೂದಿಲ್ಲ. ಸ್ವಿಚ್ ಆಫ್ ಇದ್ರ ಚಿಂತಿಲ್ಲ, ರೇಂಜ್ ಹತ್ತೂಕಿಂತ ಮೊದಲ ಸಿಮ್ ತಗದ್ರ ಆತು."

"ಫೋನ್ ಮಾಡಿ ಹೇಳೂಣು ಅಂದ್ರ..."

"ಫೋನ್ ಹತ್ತಬೇಕಾದ್ರ ರೇಂಜ್ ಬೇಕಲ್ಲಾ, ಗಂಗಕ್ಕಾ."

ಭರಮವ್ವ ಚಾರ್ಜ್ ಉಳಿಸಲು ಫೋನು ಆರಿಸಿಯೇ ಇಡುತ್ತಾಳೆ. ಕಾಡಿನಿಂದ ಹೊರಬರುವ ದಾರಿಯಲ್ಲಿ ಬಂಡಿಗಲ್ಲು ಎಂಬ ಒಂದು ಕರಿಬಂಡೆ ಇದೆ, ರೇಂಜ್ ಮೊದಲು ಸಿಗುವುದು ಅಲ್ಲಿ. ಅಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡು ಫೋನು ಚಾಲೂ ಮಾಡುವುದು ಎಲ್ಲ ಹೆಣ್ಣುಮಕ್ಕಳ ರೂಢಿ. ಇವತ್ತು ಎರಡರ ಬಸ್ಸಿಗೆ ಭರಮವ್ವ ಹೊರಡುವವಳು. ಅಂದರೆ ಒಂದೂವರೆಗೆ ಬಂಡೆಯ ಮೇಲಿರುತ್ತಾಳೆ.

ಜೀಪಿನ ಡ್ರೈವರ್ ಬಸಲಿಂಗಪ್ಪ ಹೊರಗೆ ಪೇಪರ್ ಓದುತ್ತ ಕೂತಿದ್ದ. ನಲವತ್ತರ ಮೇಲೆ ಗಾಡಿ ಓಡಿಸದ ಮನುಷ್ಯ.

"ಏಳಪಾ, ಜಾಂಬೋಟಿಗೆ ಹೋಗಬೇಕು. ಖಾನಾಪುರದ ಮ್ಯಾಲಿಂದ."

"ಊಟಾ ಮಾಡಿ ಹೋಗೂಣಲ್ರೀ?"

"ಇವತ್ತ ಊಟಾ ಇಲ್ಲ. ಎಕ್ಸಲೇಟರ್ ತಿನ್ನು."

ದಾರಿಯುದ್ದಕ್ಕೂ ಅವಳು ಸೀಟಿನ ಅಂಚಿಗೆ ಕುಳಿತಿದ್ದಳು. ಮುಂದಿನ ಪ್ರತಿ ಟ್ರಾಲಿ, ಪ್ರತಿ ಎಮ್ಮೆ ಅವಳಿಗಾಗಿಯೇ ರಸ್ತೆಗಿಳಿದಂತೆ ಕಂಡಿತು. ಕೈ ಸುಮ್ಮನಿರಲಾರದೆ ತೊಡೆಯ ಮೇಲಿನ ರಿಜಿಸ್ಟರನ್ನು ತೆಗೆಯುತ್ತ ಮುಚ್ಚುತ್ತ ಇತ್ತು.

ಒಂಬತ್ತು ವರ್ಷದ ಹಿಂದೆ ಫೋನುಗಳು ಬಂದಾಗ ಅವಳು ಕಚೇರಿಯ ಕಸ ಹೊಡೆದು ಚಹಾ ಮಾಡುವವಳು. ಆಗ ಫೋನುಗಳ ಕಾವಲು ಎಂದರೆ ಒಂದು ಕಬ್ಬಿಣದ ಕಪಾಟು, ಅದರ ಬೀಗದ ಕೈ ಅವಳ ಸೊಂಟದಲ್ಲಿ. ಕಳೆದರೆ ಕಳೆಯಿತು, ಹುಡುಕುವುದೆಂದರೆ ಬಸ್ ಡಿಪೋಕ್ಕೆ ಅಲೆಯುವುದು. ಆಮೇಲೆ ವೈರಿನ ಕಾಲ ಬಂತು. ಪ್ರತಿ ಶನಿವಾರ ಹೆಂಗಸರು ಬುತ್ತಿ ಕಟ್ಟಿಕೊಂಡು ಬರುವರು, ಒಂದೊಂದೇ ಫೋನಿಗೆ ವೈರು ಚುಚ್ಚಿ ಕಂಪ್ಯೂಟರಿಗೆ ಜೋಡಿಸುವುದು, ಸಂಜೆತನಕ. ನಡುವೆ ರೊಟ್ಟಿ, ಶೇಂಗಾ ಹಿಂಡಿ, ಗಂಡಂದಿರ ಮೇಲಿನ ಚಾಡಿ. ಮುಂದೆ ಹಿಂದಿನ ಕೋಣೆಯಲ್ಲಿ ಒಂದು ದೊಡ್ಡ ಪೆಟ್ಟಿಗೆ ತಂದು ಕೂಡಿಸಿದರು. ಅದಕ್ಕೇ ಬೇರೆ ಏಸಿ. ಫೋನುಗಳು ದೂರದಿಂದ ಅದರ ಜೊತೆ ಮಾತಾಡುತ್ತಿದ್ದವು, ಕರೆಂಟು ಹೋದರೆ ಮಾತು ಬಂದ್. ಎರಡು ವರ್ಷದ ಹಿಂದೆ ಆ ಪೆಟ್ಟಿಗೆಯನ್ನೂ ಮಾರಿದರು. ಎಲ್ಲ ಈಗ ಮೇಲಿದೆ, ಕ್ಲೌಡಿನಲ್ಲಿದೆ ಎಂದಳು ಸುಮನ್. ಮೇಲೆ ಎಂದರೆ ಎಲ್ಲಿ ಎಂದು ಕೇಳಿದ್ದಕ್ಕೆ, ಬೇರೆ ಯಾರದೋ ಊರಿನ ಬೇರೆ ಯಾರದೋ ಪೆಟ್ಟಿಗೆಯಲ್ಲಿ ಎಂದು ನಕ್ಕಿದ್ದಳು. ಶನಿವಾರದ ಊಟ ನಿಂತಿತು. ಹೆಂಗಸರು ವರ್ಷಕ್ಕೊಮ್ಮೆ ಖಂಡೇ ಪೂಜೆಗೆ ಮಾತ್ರ ಬರತೊಡಗಿದರು.

"ಬಸಲಿಂಗಪ್ಪಾ, ಇದು ಗಾಡಿನೋ ತೊಟ್ಟಿಲೋ?"

"ಐವತ್ತಕ್ಕ ಬಂದೈತ್ರೀ. ಮುಳ್ಳ ನೋಡ್ರಿ."

"ಮುಳ್ಳ ನೋಡಿದ್ರ ನಿಂದ ಮಾರಿ ಕಾಣಸ್ತೈತಿ. ಎರಡೂ ಅಲ್ಲೇ ನಿಂತಾವು."

ಖಾನಾಪುರ ನಿಲ್ದಾಣದಲ್ಲಿ ಕಾಂತಾ ಹಸಿರು ಖಣದ ಚೀಲ ಎದೆಗವಚಿಕೊಂಡು ನಿಂತಿದ್ದಳು. ಕಂಡಕ್ಟರು ಅರ್ಧ ದಾರಿಯಿಂದ ಎದುರು ಬಂದ ಬಸ್ಸಿನವನ ಕೈಗೆ ಫೋನು ಕೊಟ್ಟು ಕಳಿಸಿದ್ದ.

"ಸಿಕ್ತು ಗಂಗಕ್ಕಾ! ಅಳಸಬ್ಯಾಡ್ರಿ!"

ಗಂಗಾದೇವಿ ಚೀಲ ಕಳಚಿ ಫೋನಿನ ಬೆನ್ನು ನೋಡಿದಳು. ಒಂದು, ಎರಡು. ಹನ್ನೆರಡು. ತಾನು ಊಹಿಸಿದ್ದು ತಪ್ಪಾಗಿರಲಿ ಎಂದು ದಾರಿಯುದ್ದಕ್ಕೂ ಆಸೆ ಇತ್ತು, ಅದೂ ಹೋಯಿತು.

"ಗಾಡಿ ಹತ್ತು. ಬಂಡಿಗಲ್ಲಿನ ದಾರಿ ನಿನಗ ಗೊತ್ತೈತಿ."

"ಯಾಕ, ಏನಾತು?"

"ಹತ್ತು ಅಂದೆ. ಹತ್ತಿದ ಮ್ಯಾಲ ಬೈವಂತಿ."

ಗಾಡಿಯಲ್ಲಿ ಕೇಳಿದ ಮೇಲೆ ಕಾಂತಾ ಬೈಯಲಿಲ್ಲ. "ಸುಡ್ಲಿ, ನಾನಾರ ನಂಬರ್ ನೋಡಬೇಕಿತ್ತು" ಎಂದಳು. ಅದು ಗಂಗಾದೇವಿಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ಜಾಂಬೋಟಿ ದಾಟಿ ಕಚ್ಚಾ ರಸ್ತೆ ಹಿಡಿದು ಬಂಡೆಯ ಹತ್ತಿರ ಇಳಿದಾಗ ಒಂದೂ ಇಪ್ಪತ್ತು. ಬಂಡೆಯ ಮೇಲೆ ಯಾರೂ ಇರಲಿಲ್ಲ. ಹಸಿ ಎಲೆ ಅಡಿಕೆಯ ಉಗುಳು ಮಾತ್ರ ಇತ್ತು, ಇನ್ನೂ ಒಣಗಿರಲಿಲ್ಲ. ಕಟ್ಟಿಗೆ ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳನ್ನು ಕಾಂತಾ ಮರಾಠಿಯಲ್ಲಿ ಕೇಳಿದಳು. ಮುದುಕಿ ಹೊರೆ ಇಳಿಸದೆ ಗದ್ದದಿಂದಲೇ ಜಾಂಬೋಟಿಯ ಕಡೆ ತೋರಿಸಿದಳು.

"ಏನಂದ್ಲು?"

"ಭರಮವ್ವ ಆಗಳೇ ಹೋದ್ಲಂತ. ಫೋನಿನ ಬ್ಯಾಟ್ರಿ ಸತ್ತೈತಿ, ಗಿರಣ್ಯಾಗ ಚಾರ್ಜಿಗೆ ಹಚ್ಚತೀನಿ ಅಂತ ಒಳದಾರಿ ಹಿಡದ ಬಡಬಡಾ ಹೋದ್ಲಂತ."

ಇನ್ನಷ್ಟು ಹೊತ್ತು ಕುಳಿತಿದ್ದರೆ ಬಂಡೆಯ ಮೇಲೆ ಸಿಗುತ್ತಿದ್ದಳು. ಸತ್ತ ಬ್ಯಾಟರಿ ಇಷ್ಟು ಹೊತ್ತು ಕಾಪಾಡಿದೆ, ಆದರೆ ಅದಕ್ಕೇ ಈಗ ಜೀವ ಬರುತ್ತಿದೆ. ಬಸಲಿಂಗಪ್ಪ ಯಾರೂ ಹೇಳದೆ ಗಾಡಿ ತಿರುಗಿಸಿದ. ಈ ಸಲ ಮುಳ್ಳು ಎಲ್ಲಿತ್ತೋ, ಮೂವರೂ ನೋಡಲಿಲ್ಲ.

ಹಿಟ್ಟಿನ ಗಿರಣಿಯಲ್ಲಿ ಭರಮವ್ವ ಚೀಲದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಐವತ್ತರ ಸುಮಾರಿನ ಗಟ್ಟಿ ಹೆಂಗಸು. ಸೀರೆಯ ಅಂಚು ಮೊಣಕಾಲತನಕ ಕೆಸರು. ಗೋಡೆಗೆ ಚುಚ್ಚಿದ ವೈರಿನ ತುದಿಯಲ್ಲಿ ಕೆಂಪು ಖಣದ ಫೋನು. ಅದರ ಮುಖದಲ್ಲಿ ಆಗಷ್ಟೇ ಬಿಳಿ ಬೆಳಕು ಮೂಡುತ್ತಿತ್ತು.

"ಮುಟ್ಟಬ್ಯಾಡ!" ಎಂದು ಬಾಗಿಲಿನಿಂದಲೇ ಕೂಗಿದಳು ಗಂಗಾದೇವಿ.

"ಅಯ್ಯ, ಗಂಗಕ್ಕಾ! ನೀ ಇಲ್ಲಿ? ತಡೀ, ಚಾಲೂ ಆಕ್ಕೈತಿ ಈಗ..."

ಗಂಗಾದೇವಿ ಅವಳನ್ನು ದಾಟಿಕೊಂಡು ಹೋಗಿ ವೈರು ಕಿತ್ತಳು. ಚೀಲ ಹರಿದು ತೆಗೆದಳು. ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ ಬಿಚ್ಚಿ ಫೋನಿನ ಅಂಚಿನ ಸಣ್ಣ ತೂತಿಗೆ ಒತ್ತಿದಳು. ಮೊದಲ ಸಲ ಜಾರಿತು. ಎರಡನೇ ಸಲವೂ. ಮೂರನೆಯದಕ್ಕೆ ಸಿಮ್ಮಿನ ತಟ್ಟೆ ಹೊರಗೆ ಬಂತು. ಪರದೆ ಒಂದು ಕ್ಷಣ ಯೋಚಿಸಿದಂತೆ ಮಾಡಿ, ಮಾಮೂಲು ಚಿತ್ರಗಳನ್ನು ತೋರಿಸಿತು. ಮೇಲಿನ ಮೂಲೆಯಲ್ಲಿ ಸಿಮ್ ಇಲ್ಲ ಎಂದಿತ್ತು.

"ಫೋಟೋ ನೋಡು. ಅವ ಏನು?"

ಭರಮವ್ವ ನೋಡಿದಳು. ಇಪ್ಪತ್ತೇಳೂ ಇದ್ದವು.

ಗಂಗಾದೇವಿ ಅಲ್ಲೇ ಹಿಟ್ಟಿನ ನೆಲದ ಮೇಲೆ ಕುಳಿತು ಎಲ್ಲ ಹೇಳಿದಳು. ಗಿರಣಿಯ ಸದ್ದಿನಲ್ಲಿ ಎರಡೆರಡು ಸಲ ಹೇಳಬೇಕಾಯಿತು, ತಪ್ಪನ್ನೂ.

"ಹನ್ನೊಂದ ದಿನಾ ಜಿಗಣಿ ಕಡಿಸ್ಕೊಂಡ ತಿರಗೀನಿ" ಎಂದಳು ಭರಮವ್ವ. "ನೀ ಏಸಿ ಕೆಳಗ ಕುಂತ ಒಂದ ಬೆರಳಿಂದ ಒರಸ್ತಿ."

"ಹೌದು."

"ಹೌದು ಅಂತಾಳ ನೋಡು! ಜಗಳಾ ಮಾಡಾಕೂ ಬಿಡೂದಿಲ್ಲ ಇಕಿ."

ಎರಡೂವರೆಯಾಯಿತು, ಮೂರಾಯಿತು. ಕಾಂತಾಳ ಫೋನಿನಲ್ಲಿ ಸುಮನ್ ಮತ್ತೆ ಮತ್ತೆ ಬಂದಳು. ಹಳೆ ಪದ್ಧತಿಯಲ್ಲಿ ವೈರು ಚುಚ್ಚಿ ಫೋಟೋ ತೆಗೆಯಬಾರದೇ ಎಂದು ಗಂಗಾದೇವಿ ಕೇಳಿದಳು. ಆಗುವುದಿಲ್ಲ, ಕಳ್ಳರು ತೆಗೆಯಬಾರದೆಂದು ವೈರಿನ ಬಾಯಿಯನ್ನು ಎರಡು ವರ್ಷದ ಹಿಂದೆ ನಾವೇ ಮುಚ್ಚಿಸಿದ್ದೇವೆ ಎಂದಳು ಸುಮನ್. ಪರದೆಯ ಮೇಲಿನ ಫೋಟೋವನ್ನೇ ಇನ್ನೊಂದು ಫೋನಿನಿಂದ ತೆಗೆದರೆ? ಅಂಥದನ್ನು ಕಚೇರಿ ಒಪ್ಪುವುದಿಲ್ಲ. ಗಂಗಾದೇವಿ ಗಿರಣಿಯ ಒಳಗೂ ಹೊರಗೂ ತಿರುಗಿದಳು. ಬಸಲಿಂಗಪ್ಪ ತಂದ ಚಹಾ ಹಿಟ್ಟು ಬಿದ್ದು ಕೆನೆಗಟ್ಟಿತು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಸುಮನ್ ಹೇಳಿದಳು: "ಕಂಪನಿಯವರು ಆಜ್ಞಾ ಹಿಂದಕ್ಕ ತಗೊಂಡ್ರು."

"ಹಂಗಾರ ಸಿಮ್ ಹಾಕಲೇನು?"

"ಅದೇ ಹೇಳಾಕತ್ತೀನಿ. ಎಲ್ಲಾ ಕಡೆ ಮುಟ್ಟಾಕ ಎರಡ ತಾಸ ಹಿಡಿತದ ಅಂತಾರ. ಮುಟ್ಟಿದ್ರೂ ಮುಟ್ಟಿರಬಹುದು, ಇಲ್ಲಾ ಅಂದ್ರ ಇಲ್ಲ."

ಎರಡು ತಾಸು ಎಂದರೆ ಆರು. ಅರ್ಜಿ ಐದಕ್ಕೆ ಮುಗಿಯುತ್ತದೆ. ಹಾಕದೆ ಕಾದರೆ ಇಪ್ಪತ್ತೇಳೂ ಹೋದವು, ಈಗಲೇ ಹಾಕಿದರೂ ಹೋಗಬಹುದು. ಭರಮವ್ವ, ಕಾಂತಾ, ಬಸಲಿಂಗಪ್ಪ ಮೂವರೂ ಅವಳನ್ನೇ ನೋಡುತ್ತಿದ್ದರು.

"ಇನ್ನ ಅರ್ಧಾ ತಾಸು ಕಾಯೂಣು" ಎಂದಳು. "ಕಳಸಾಕ ಎಷ್ಟ ಹೊತ್ತ ಬೇಕು?"

"ಒಂದೊಂದಕ್ಕ ಅರ್ಧಾ ನಿಮಿಷ."

ನಾಲ್ಕೂ ಇಪ್ಪತ್ತಕ್ಕೆ ಗಂಗಾದೇವಿ ಸಿಮ್ಮಿನ ತಟ್ಟೆಯನ್ನು ಒಳಗೆ ತಳ್ಳಿದಳು. ಪಿನ್ನನ್ನು ಕೈಯಲ್ಲೇ ಹಿಡಿದಿದ್ದಳು. ಗಿರಣಿಯವನು ಕೇಳದೆಯೇ ಮೋಟಾರು ಬಂದ್ ಮಾಡಿದ. ಮೂಲೆಯಲ್ಲಿ ಒಂದು ಗೆರೆ ಎದ್ದಿತು, ಎರಡು ಎದ್ದವು. ಫೋನು ಟೊಂಯ್ ಎಂದಿತು. ಪರದೆ ಹಾಗೇ ಇತ್ತು. ಕಳುಹಿಸುತ್ತಿದೆ ಎಂದು ಬಂತು.

"ಒಂದು ಬಂತು" ಎಂದಳು ಸುಮನ್ ಕಾಂತಾಳ ಫೋನಿನಲ್ಲಿ. "ಎರಡು. ಮೂರು."

ಅವಳು ಎಣಿಸುತ್ತ ಹೋದಂತೆ ಭರಮವ್ವ ಹೆಸರು ಹೇಳುತ್ತ ಹೋದಳು, ಮೊದಲ ದಿನದ ಕೇರಿಯಿಂದ ಹಿಡಿದು, ಯಾರ ಹೊಲ, ಯಾವ ಹಳ್ಳದ ಬಾಜು. ಹತ್ತಾಯಿತು. ಹದಿನೆಂಟಾಯಿತು. ಇಪ್ಪತ್ತರ ಮೇಲೆ ನಿಧಾನವಾಯಿತು. ಕಾಂತಾ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಇಪ್ಪತ್ತಾರು.

"ಇನ್ನ ಬೀರಣ್ಣಂದು ಒಂದ" ಎಂದಳು ಭರಮವ್ವ.

ಪರದೆ ಕಪ್ಪಾಯಿತು. ಗಂಗಾದೇವಿಯ ಪಿನ್ನು ತೂತನ್ನು ಮುಟ್ಟುವಷ್ಟರಲ್ಲಿ ಒಂದು ಬಿಳಿ ವೃತ್ತ ತಿರುಗತೊಡಗಿತ್ತು. ಆಮೇಲೆ ಅಂಗಡಿಯಿಂದ ಆಗಷ್ಟೇ ತಂದ ಫೋನಿನಂತೆ ಅದು ಎಲ್ಲರಿಗೂ ಸ್ವಾಗತ ಹೇಳಿತು.

"ಇಪ್ಪತ್ತೇಳು ಬರವಲ್ದು" ಎಂದಳು ಸುಮನ್. "ಹಲೋ? ಗಂಗಕ್ಕಾ?"

ಭರಮವ್ವ ತಲೆಯ ಮೇಲೆ ಕೈ ಹೊತ್ತಳು. "ಎಲ್ಲಾರದೂ ಕಾಲ್ಪಾಲು ಹೋಗಿತ್ತು. ಅವಂದ ಪೂರಾ ಹೊಲಾ ಹೋಗೇತಿ. ನಿನ್ನಿ ಸಂಜೀಕ ತಗದೀನಿ."

"ನಿನ್ನಿ ಅಂದಿ?" ಗಂಗಾದೇವಿ ಎದ್ದು ನಿಂತಿದ್ದಳು. "ಅಂವ ಕೊಯ್ದಾನೇನು?"

"ಇಲ್ಲ, ನಾಳೆ ಮುಂಜಾನಿ ಕೊಯ್ತೀನಿ ಅಂತ ಇವತ್ತ ಬರುಮುಂದ ಅಂದಿದ್ದ."

"ಎಷ್ಟ ದೂರ?"

"ಬಂಡಿಗಲ್ಲಿಂದ ಮುಂದ ಅರ್ಧಾ ತಾಸ ನಡಿಬೇಕು. ಆದ್ರ ಅರ್ಜಿ ಮುಗದಹೋತಲ್ಲ?"

ಸುಮನ್ ಕಚೇರಿಯವರನ್ನು ಕೇಳಿ ತಿರುಗಿ ಕರೆ ಮಾಡುವಷ್ಟರಲ್ಲಿ ಜೀಪು ಕಚ್ಚಾ ರಸ್ತೆಯಲ್ಲಿತ್ತು. ತಪ್ಪು ಯಾರದು, ಹೇಗಾಯಿತು ಎಂದು ತಪ್ಪು ಮಾಡಿದವರೇ ಸಹಿ ಮಾಡಿ ಬರೆದುಕೊಟ್ಟರೆ ಒಂದು ಅರ್ಜಿಯನ್ನು ತಡವಾಗಿ ನೋಡಬಹುದು, ನೋಡುತ್ತೇವೆ ಎಂದಿಲ್ಲ, ನೋಡಬಹುದು ಎಂದಿದ್ದಾರೆ ಎಂದಳು. ಗಂಗಾದೇವಿ ರಿಜಿಸ್ಟರಿನ ಕೊನೆಯ ಹಾಳೆ ಹರಿದಳು. ಗಾಡಿ ಕುಣಿಯುತ್ತಿದ್ದುದರಿಂದ ಅಕ್ಷರಗಳು ಒಂದರ ಮೇಲೊಂದು ಹತ್ತಿದವು. ಖಂಡೇ ಪೂಜೆಯ ದಿನ ಫೋನುಗಳ ಚೀಲ ಕಳಚಿದವಳು ನಾನು, ತಿರುಗಿ ಹಾಕುವಾಗ ನಂಬರು ನೋಡದವಳೂ ನಾನು, ಎಂದು ಬರೆದಳು. ಇನ್ನೊಬ್ಬರ ಮನವಿಗಳನ್ನು ಎಷ್ಟೋ ಬರೆದುಕೊಟ್ಟಿದ್ದಳು. ತನ್ನ ಹೆಸರಿನಲ್ಲಿ ಕಚೇರಿಗೆ ಬರೆದದ್ದು ಇದೇ ಮೊದಲು.

"ನಿಧಾನ ಓಡಿಸಲ್ರೀ, ಬರಿಯಾಕ?" ಎಂದ ಬಸಲಿಂಗಪ್ಪ.

"ಬ್ಯಾಡ. ಓಡಸು."

ಕಾಲುದಾರಿಯಲ್ಲಿ ಭರಮವ್ವ ಮುಂದೆ, ಕಾಂತಾ ನಡುವೆ, ಗಂಗಾದೇವಿ ಹಿಂದೆ. ಬಿಸಿಲು ಮರಗಳ ತುದಿಗೆ ಹೋಗಿತ್ತು. ಇನ್ನೆಷ್ಟು ದೂರ ಎಂದು ಅವಳು ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ಭರಮವ್ವ ಬಂದೇಬಿಟ್ಟಿತು ಎಂದಳು.

ಬೀರಣ್ಣ ಗುಡಿಸಲ ಮುಂದೆ ಕುಡಗೋಲು ಮಸೆಯುತ್ತಿದ್ದ. ಒಣಕಲು ಮೈಯ ಎಪ್ಪತ್ತರ ಮುದುಕ. ತಿರುಗಿ ಬಂದ ಭರಮವ್ವನನ್ನು ನೋಡಿ, "ಏನ ಮರತ ಹೋಗಿದ್ದಿ?" ಎಂದ.

ಗಂಗಾದೇವಿ ಮುಂದೆ ಬಂದಳು. "ಬೀರಣ್ಣಾರ, ನಾ ಸಂಸ್ಥೇದಾಕಿ. ನಿಮ್ಮ ಫೋಟೋ ನನ್ನ ತಪ್ಪಿಂದ ಅಳಿಸಿ ಹೋಗೇತಿ. ನಾಳೆ ಕೊಯ್ಯಬ್ಯಾಡ್ರಿ."

ಅವನು ಕಲ್ಲಿನ ಮೇಲೆ ಕುಡಗೋಲನ್ನು ಇನ್ನೊಂದು ಸಲ ಎಳೆದ. "ಕಾಡಕೋಣ ಭತ್ತ ತಿಂದ್ವು, ನೀವು ಫೋಟೋ ತಿಂದ್ರಿ. ನನಗೇನ ಉಳೀತು?"

"ಅರ್ಜಿ ತಡಾ ಆಗೇತಿ. ತಗೋತಾರೋ ಇಲ್ಲೋ ಖರೇ ಗೊತ್ತಿಲ್ಲ. ಕಾರಣಾ ನಾನ ಬರದ ಸಹಿ ಮಾಡೀನಿ, ನಾಳೆ ನಾನ ಹೋಗಿ ಕೊಡ್ತೀನಿ."

ಬೀರಣ್ಣ ಅವಳ ಹರಿದ ಹಾಳೆಯನ್ನು, ಮೊಣಕಾಲ ಕೆಸರನ್ನು ನೋಡಿದ. "ಕುಂದರ್ರಿ, ನೀರ ಕುಡೀರಿ ಮೊದಲ."

"ಆಮ್ಯಾಲ ಕುಡೀತೀನಿ. ಹೊಲಾ ತೋರಸ್ರಿ. ಬೆಳಕ ಹೊಂಟೈತಿ."

ಹೊಲ ಗುಡಿಸಲ ಹಿಂದೆಯೇ ಇತ್ತು. ಬಂಗಾರದ ಬಣ್ಣದ ಪೈರು ಚಾಪೆ ಹಾಸಿದಂತೆ ಮಲಗಿತ್ತು, ನಡುನಡುವೆ ಬೋಗುಣಿಯಗಲದ ಗೊರಸಿನ ಗುರುತು, ಅದರಲ್ಲಿ ನಿಂತ ನೀರು. ಕಾಂತಾ ಫೋನು ಎತ್ತಿದಳು. ಗಂಗಾದೇವಿ ಅವಳ ಕೈ ಹಿಡಿದು ನಿಲ್ಲಿಸಿ, ಹಸಿರು ಚೀಲ ಕಳಚಿ, ಫೋನಿನ ಬೆನ್ನನ್ನು ಆಕಾಶದ ಕಡೆ ಹಿಡಿದು ಓದಿದಳು. ಹನ್ನೆರಡು. ರಿಜಿಸ್ಟರಿನಲ್ಲಿ ಬರೆದಳು. ಆಮೇಲೆ ಫೋನು ಕೊಟ್ಟಳು.

"ಬೀರಣ್ಣಾರ, ಗೊರಸಿನ ಬಾಜು ನಿಂದ್ರಿ. ಹಾಂ, ಹಂಗ."

ಕಾಂತಾ ಒತ್ತಿದಳು. ಫೋಟೋದ ಕೆಳಗೆ ಜಾಗ, ದಿನಾಂಕ, ಐದು ಗಂಟೆ ಐವತ್ತೆರಡು ನಿಮಿಷ ಎಂದು ಅಚ್ಚಾಯಿತು. ಗಂಗಾದೇವಿ ಬೆರಳಿಟ್ಟು ಒಂದೊಂದೇ ಅಂಕಿ ಓದಿದಳು.

"ಬಂತೇನು?" ಎಂದ ಬೀರಣ್ಣ, ಅಲ್ಲಾಡದೆ.

"ಬಂತು" ಎಂದಳು ಕಾಂತಾ.

ಗುಡ್ಡದ ಅಂಚಿನಲ್ಲಿ ಬೆಳಕು ಇನ್ನೂ ಒಂದು ಗೇಣು ಉಳಿದಿತ್ತು.

"ಇನ್ನೊಂದ ತಗಿ" ಎಂದಳು ಗಂಗಾದೇವಿ.